ಡೀಸೆಲ್ಲೋ ಪೆಟ್ರೋಲೋ: ಬಂಕಿನ ಬಿಲ್ಲಿಗಿಂತ ಆಚೆಗಿನ ಲೆಕ್ಕ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಗಾಡಿ ಓಡಿಸುವ ಖರ್ಚಿನ ಬಗ್ಗೆಯೇ ಇವೆ. ಕೆಳಗಿನ ಲೆಕ್ಕಗಳಿಗೆಲ್ಲ ಪೆಟ್ರೋಲ್ ಲೀಟರಿಗೆ ₹103, ಡೀಸೆಲ್ ₹91 ಎಂದು ಹಿಡಿದಿದ್ದೇವೆ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 21.17ಕ್ಕೆ ಏರಿಸಿದ ನಂತರ ಬೆಂಗಳೂರಿನಲ್ಲಿ ಹೆಚ್ಚುಕಡಿಮೆ ಇದೇ ದರ ಇತ್ತು. ನಿಮ್ಮೂರಿನ ಬಂಕಿನ ದರ ಬೇರೆಯಿದ್ದರೆ ಅದನ್ನೇ ಹಾಕಿ ಲೆಕ್ಕ ಮಾಡಿಕೊಳ್ಳಿ.

ಪ್ರಶ್ನೆ: ಕೆಲಸ ಬೆಂಗಳೂರಿನಲ್ಲಿ, ಊರು ಹಾಸನ. ತಿಂಗಳಿಗೆ ಎರಡು ಸಲ ಊರಿಗೆ ಹೋಗಿಬರುತ್ತೇನೆ. ಉಳಿದಂತೆ ಆಫೀಸು, ಅಂಗಡಿ ಅಂತ ಸಿಟಿಯೊಳಗೆ 300 ಕಿ.ಮೀ. ಆಗಬಹುದು. ನಾನು ನೋಡಿರುವ ಕಾರಿನ ಪೆಟ್ರೋಲ್ ಮಾಡೆಲ್ ಎಕ್ಸ್‌ಶೋರೂಂ ₹12.5 ಲಕ್ಷ, ಅದೇ ಕಾರು ಡೀಸೆಲ್‌ನಲ್ಲಿ ₹14 ಲಕ್ಷ. ‘ಹೈವೇ ಓಡಾಟ ಇದೆಯಲ್ಲ ಸರ್, ಕಣ್ಣುಮುಚ್ಚಿ ಡೀಸೆಲ್ ತಗೊಳ್ಳಿ’ ಎನ್ನುತ್ತಾರೆ ಶೋರೂಂನವರು. ಸಾಲ ಮಾಡಿಯೇ ಕೊಳ್ಳಬೇಕು. ಏನು ಮಾಡಲಿ?
— ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಕಣ್ಣು ಬಿಟ್ಟುಕೊಂಡೇ ತೆಗೆದುಕೊಳ್ಳಿ. ಹೈವೇ ಓಡಾಟ ಇದ್ದರೆ ಡೀಸೆಲ್‌ನಿಂದ ಭಾರೀ ಉಳಿತಾಯ ಎಂಬ ಮಾತು ಅರ್ಧ ನಿಜ.

ಹಾಸನಕ್ಕೆ ಹೋಗಿಬರಲು ಸುಮಾರು 370 ಕಿ.ಮೀ., ಎರಡು ಸಲಕ್ಕೆ 740. ಸಿಟಿಯದು 310 ಇಟ್ಟುಕೊಂಡರೆ ಒಟ್ಟು 1,050 ಕಿ.ಮೀ. ನೀವು ನೋಡಿರುವಂಥ ಕಾರು ಹೈವೇಯಲ್ಲಿ 80–90ರ ವೇಗದಲ್ಲಿ ಹೋದರೆ ಪೆಟ್ರೋಲ್‌ಗೆ 16, ಡೀಸೆಲ್‌ಗೆ 20 ಕಿ.ಮೀ. ಮೈಲೇಜ್ ನಿರೀಕ್ಷಿಸಬಹುದು. ಕಿ.ಮೀ.ಗೆ ಪೆಟ್ರೋಲ್ ಖರ್ಚು ₹6.44, ಡೀಸೆಲ್ ₹4.55. ವ್ಯತ್ಯಾಸ ₹1.89. ಸಿಟಿ ಟ್ರಾಫಿಕ್ಕಿನಲ್ಲಿ ಪೆಟ್ರೋಲ್ 10ಕ್ಕೆ ಇಳಿಯುತ್ತದೆ, ಡೀಸೆಲ್ 14ರಲ್ಲಿ ನಿಲ್ಲುತ್ತದೆ. ಆಗ ₹10.30 ಮತ್ತು ₹6.50, ವ್ಯತ್ಯಾಸ ₹3.80.

ಗಮನಿಸಿ, ಡೀಸೆಲ್‌ನ ಉಳಿತಾಯ ಹೈವೇಗಿಂತ ಸಿಟಿಯಲ್ಲಿ ದುಪ್ಪಟ್ಟು. ಪೆಟ್ರೋಲ್ ಎಂಜಿನ್‌ಗೆ ಗಾಳಿ ಮತ್ತು ಇಂಧನದ ಪ್ರಮಾಣ ಸರಿಸುಮಾರು 14.7ಕ್ಕೆ 1ರಂತೆ ಇರಲೇಬೇಕು. ಇಂಧನ ಕಮ್ಮಿ ಸಾಕಾದಾಗ ಗಾಳಿಯನ್ನೂ ಕಮ್ಮಿ ಮಾಡಲು ಥ್ರಾಟಲ್ ಎಂಬ ಗಾಳಿಬಾಗಿಲು ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಬಾಗಿಲಿನ ಸಂದಿಯಿಂದ ಗಾಳಿ ಎಳೆಯುವ ಶ್ರಮಕ್ಕೇ ಎಂಜಿನ್ ಒಂದಿಷ್ಟು ಪೆಟ್ರೋಲ್ ಸುಡುತ್ತದೆ. ಡೀಸೆಲ್ ಎಂಜಿನ್‌ಗೆ ಆ ಕಟ್ಟುಪಾಡಿಲ್ಲ. ಗಾಳಿ ಬೇಕಾದಷ್ಟು ಒಳಗೆ ಬರುತ್ತದೆ, ಇಂಧನ ಮಾತ್ರ ಹನಿಹನಿಯಾಗಿ ಇಳಿಯುತ್ತದೆ. ಅದಕ್ಕೇ ತೆವಳುವ ಟ್ರಾಫಿಕ್ಕಿನಲ್ಲಿ ಡೀಸೆಲ್ ಅಷ್ಟು ಮಿತವ್ಯಯಿ. ಸಂಕಟವೆಂದರೆ, 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರು ಕೆಡುವುದೂ ಅದೇ ಟ್ರಾಫಿಕ್ಕಿನಲ್ಲಿ. ಹಣ ಉಳಿಯುವ ಜಾಗದಲ್ಲಿ ಗಾಡಿ ಉಳಿಯುವುದಿಲ್ಲ, ಗಾಡಿ ಉಳಿಯುವ ಜಾಗದಲ್ಲಿ ಹಣ ಅಷ್ಟೊಂದು ಉಳಿಯುವುದಿಲ್ಲ. ಇದರ ವಿವರ ಮುಂದಿನ ಪ್ರಶ್ನೆಯಲ್ಲಿದೆ.

ಈಗ ನಿಮ್ಮ ಲೆಕ್ಕ. ಹೈವೇಯಲ್ಲಿ ₹1,400, ಸಿಟಿಯಲ್ಲಿ ₹1,180, ಎರಡೂ ಸೇರಿ ತಿಂಗಳಿಗೆ ₹2,580 ಉಳಿತಾಯ. ಇದರಲ್ಲಿ ಡೀಸೆಲ್‌ನ ಸರ್ವಿಸ್ ಖರ್ಚು ಕಳೆಯಬೇಕು. ಪೆಟ್ರೋಲ್‌ಗೆ ಮೂರೂವರೆ ಲೀಟರ್ ಎಂಜಿನ್ ಆಯಿಲ್ ಸಾಕಾದರೆ ಡೀಸೆಲ್‌ಗೆ ಐದು ಲೀಟರ್ ಬೇಕು, ಅದೂ ದುಬಾರಿ ಗ್ರೇಡಿನದು. ಡೀಸೆಲ್ ಫಿಲ್ಟರ್ ಬೇರೆ. ಎಲ್ಲ ಸೇರಿ ವರ್ಷಕ್ಕೆ ₹4,000 ಹೆಚ್ಚುವರಿ ಎಂದಿಟ್ಟುಕೊಳ್ಳಿ. ಇಂಧನದ ಮುಚ್ಚಳದ ಪಕ್ಕ ನೀಲಿ ಮುಚ್ಚಳ ಇರುವ ಗಾಡಿಯಾದರೆ ಯೂರಿಯಾ ದ್ರಾವಣವನ್ನೂ ತುಂಬಿಸಬೇಕು, ಸಾವಿರ ಕಿ.ಮೀ.ಗೆ ಒಂದು ಲೀಟರಿನ ಆಸುಪಾಸು, ಸುಮಾರು ₹60. ಕೊನೆಗೆ ಕೈಯಲ್ಲಿ ಉಳಿಯುವುದು ತಿಂಗಳಿಗೆ ₹2,200, ವರ್ಷಕ್ಕೆ ₹26,000.

ಕೊಡುವುದೆಷ್ಟು? ಬೆಲೆಯ ವ್ಯತ್ಯಾಸ ₹1.5 ಲಕ್ಷ. ಅದರ ಮೇಲೆ ಶೇ 17 ಜೀವಾವಧಿ ತೆರಿಗೆ, ತೆರಿಗೆಯ ಮೇಲೆ ಸೆಸ್, ಅಲ್ಲಿಗೆ ಇನ್ನೊಂದು ₹28,000. ವಿಮೆಯೂ ಸ್ವಲ್ಪ ಏರುತ್ತದೆ. ₹1.8 ಲಕ್ಷಕ್ಕೆ ಕಮ್ಮಿಯಿಲ್ಲ. ಕೈದುಡ್ಡಾಗಿದ್ದರೆ ವಾಪಸು ಬರಲು ಏಳು ವರ್ಷ. ನೀವು ಸಾಲ ಮಾಡುತ್ತೀರಿ. ಶೇ 9ರ ಬಡ್ಡಿಗೆ ಐದು ವರ್ಷದ ಸಾಲವಾದರೆ ಈ ₹1.8 ಲಕ್ಷಕ್ಕೇ ತಿಂಗಳಿಗೆ ₹3,736 ಕಂತು ಬೀಳುತ್ತದೆ. ಬಂಕಿನಲ್ಲಿ ₹2,200 ಉಳಿಸಲು ಬ್ಯಾಂಕಿಗೆ ₹3,700 ಕಟ್ಟಿದಂತಾಯಿತು. ಪೆಟ್ರೋಲ್ ತೆಗೆದುಕೊಳ್ಳಿ.

ವಾರ ವಾರವೂ ಊರಿಗೆ ಹೋಗುವಂತಾದರೆ ಓಡಾಟ 1,800 ಕಿ.ಮೀ. ಮುಟ್ಟುತ್ತದೆ, ಬಡ್ಡಿ ಬಿಟ್ಟು ನಾಲ್ಕೂವರೆ ವರ್ಷಕ್ಕೆ ಅಸಲು ಹುಟ್ಟುತ್ತದೆ. ಆಗ ಡೀಸೆಲ್ ಬಗ್ಗೆ ಯೋಚಿಸಬಹುದು. ಐದು ಜನ, ಡಿಕ್ಕಿ ತುಂಬ ಸಾಮಾನು ಹೇರಿಕೊಂಡು ಶಿರಾಡಿ ಘಾಟಿ ಹತ್ತುವಾಗ ಡೀಸೆಲ್‌ನ ಎಳೆತಕ್ಕೆ ಸಾಟಿಯಿಲ್ಲ, ಅದು ಒಪ್ಪುವ ಮಾತೇ. ಆದರೆ ಆ ಸುಖಕ್ಕೆ ದುಡ್ಡು ಕೊಡುತ್ತಿದ್ದೀರಿ ಎಂಬುದು ಗೊತ್ತಿದ್ದು ಕೊಡಿ.

ಹತ್ತು ಲಕ್ಷದ ಗಡಿಯಲ್ಲಿರುವ ಕಾರು ನೋಡುತ್ತಿರುವವರಿಗೆ ಒಂದು ಎಚ್ಚರಿಕೆ. ಕರ್ನಾಟಕದಲ್ಲಿ ₹5ರಿಂದ 10 ಲಕ್ಷದ ಕಾರಿಗೆ ಜೀವಾವಧಿ ತೆರಿಗೆ ಶೇ 14, ₹10 ಲಕ್ಷ ದಾಟಿದರೆ ಪೂರ್ತಿ ಬೆಲೆಗೆ ಶೇ 17. ಪೆಟ್ರೋಲ್ ₹9.5 ಲಕ್ಷ, ಡೀಸೆಲ್ ₹11 ಲಕ್ಷ ಇದ್ದರೆ ತೆರಿಗೆ ₹1.33 ಲಕ್ಷದಿಂದ ₹1.87 ಲಕ್ಷಕ್ಕೆ ಜಿಗಿಯುತ್ತದೆ. ಒಂದೂವರೆ ಲಕ್ಷದ ವ್ಯತ್ಯಾಸ ಅಲ್ಲಿಗೇ ಎರಡು ಲಕ್ಷ ದಾಟಿತು. ಹಾಗಾಗಿ ಎಕ್ಸ್‌ಶೋರೂಂ ಬೆಲೆ ಹೋಲಿಸಬೇಡಿ, ಎರಡೂ ಗಾಡಿಗಳ ಆನ್‌ರೋಡ್ ಕೊಟೇಶನ್ ಬರೆಸಿಕೊಂಡು ಪಕ್ಕಪಕ್ಕ ಇಟ್ಟು ನೋಡಿ.

ಪ್ರಶ್ನೆ: ಸೆಕೆಂಡ್‌ಹ್ಯಾಂಡ್‌ನಲ್ಲಿ 2021ರ ಡೀಸೆಲ್ ಕಾರು ಕೊಂಡೆ. ಆಫೀಸಿಗೆ 6 ಕಿ.ಮೀ., ಅಷ್ಟೇ ಓಡಾಟ. ಎರಡು ತಿಂಗಳಲ್ಲಿ ಮೂರನೇ ಸಲ ಡಿಪಿಎಫ್‌ನ ಹಳದಿ ದೀಪ ಹತ್ತಿದೆ. ಗ್ಯಾರೇಜಿನವರು ‘ಅದನ್ನ ಕಿತ್ತು ಬಿಸಾಕಿಬಿಡೋಣ, ಮೈಲೇಜೂ ಜಾಸ್ತಿ ಆಗುತ್ತೆ’ ಎನ್ನುತ್ತಿದ್ದಾರೆ. ಮಾಡಿಸಬಹುದೇ?
— ಓದುಗರು, ಜೆ.ಪಿ. ನಗರ, ಬೆಂಗಳೂರು

ಉತ್ತರ: ಮಾಡಿಸಬೇಡಿ. ಹೊಗೆ ನಿಯಂತ್ರಣದ ಭಾಗ ಕೀಳುವುದು ಕಾನೂನಿಗೆ ವಿರುದ್ಧ. ಮುಂದೆ ಮಾರುವಾಗ ತಿಳಿದ ಗಿರಾಕಿ ಸ್ಕ್ಯಾನರ್ ಹಾಕಿಸಿದರೆ ಬಯಲಾಗುತ್ತದೆ.

ಡಿಪಿಎಫ್ ಎಂದರೆ ಸೈಲೆನ್ಸರ್ ಪೈಪಿನಲ್ಲಿ ಕೂರಿಸಿದ ಜೇನುಗೂಡಿನಂಥ ಜರಡಿ. ಮಸಿ ಅದರಲ್ಲಿ ಹಿಡಿದು ನಿಲ್ಲುತ್ತದೆ. ಆಗಾಗ ಅದನ್ನು 600 ಡಿಗ್ರಿ ಸೆಲ್ಸಿಯಸ್ ಹತ್ತಿರದ ಶಾಖದಲ್ಲಿ ಸುಟ್ಟುಹಾಕಬೇಕು. ಆ ಶಾಖ ಬರಿಸಲು ಎಂಜಿನ್ ತಾನೇ ಒಂದಿಷ್ಟು ಡೀಸೆಲ್ ಹೆಚ್ಚಾಗಿ ಸಿಂಪಡಿಸಿಕೊಳ್ಳುತ್ತದೆ. ಆರು ಕಿ.ಮೀ.ನಲ್ಲಿ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಸುಡುವ ಕೆಲಸ ಶುರುವಾಗುವಷ್ಟರಲ್ಲಿ ನೀವು ಆಫೀಸಿನ ಪಾರ್ಕಿಂಗಿನಲ್ಲಿ ಕೀಲಿ ತಿರುಗಿಸಿರುತ್ತೀರಿ. ಸುಡದೆ ಉಳಿದ ಡೀಸೆಲ್ ಪಿಸ್ಟನ್ ಪಕ್ಕದಿಂದ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ.

ಹಾಗಾಗಿ ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮೇಲಿನ ಗೆರೆ ದಾಟಿದ್ದು, ಬೆರಳಿಗೆ ನೀರಾಗಿ ಹತ್ತಿ, ಡೀಸೆಲ್ ವಾಸನೆ ಬಂದರೆ ಮೊದಲು ಆಯಿಲ್ ಬದಲಿಸಿ, ಮಿಕ್ಕಿದ್ದು ಆಮೇಲೆ. ತೆಳುವಾದ ಆಯಿಲ್‌ನಲ್ಲಿ ಓಡಿಸಿದರೆ ಟರ್ಬೊ ಬೇರಿಂಗ್ ಸವೆಯುತ್ತದೆ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಕಡಿಮೆ ಬೂದಿಯ ಆಯಿಲನ್ನೇ ಹಾಕಿಸಿ, ಡಬ್ಬದ ಮೇಲೆ ಸಿ2 ಅಥವಾ ಸಿ3 ಎಂದಿರುತ್ತದೆ. ಮಸಿ ಸುಟ್ಟುಹೋಗುತ್ತದೆ, ಆಯಿಲ್‌ನ ಬೂದಿ ಸುಡುವುದಿಲ್ಲ. ಅಗ್ಗದ ಆಯಿಲ್ ಹಾಕಿಸಿದಷ್ಟೂ ಜರಡಿ ಶಾಶ್ವತವಾಗಿ ಕಟ್ಟುತ್ತದೆ.

ಆಯಿಲ್ ಸರಿಯಿದ್ದು, ದೀಪ ಬರೀ ಹೊತ್ತಿಕೊಂಡಿದ್ದರೆ, ಅಂದರೆ ಮಿಣುಕದಿದ್ದರೆ, ಟ್ಯಾಂಕ್ ಕಾಲು ಭಾಗಕ್ಕಿಂತ ಹೆಚ್ಚಿದೆಯೇ ನೋಡಿಕೊಂಡು ನೈಸ್ ರಸ್ತೆಗೋ ತುಮಕೂರು ರಸ್ತೆಗೋ ಹೊರಡಿ. ಎಂಜಿನ್ ಬಿಸಿಯಾದ ಮೇಲೆ 60–70ರ ವೇಗದಲ್ಲಿ, ಟಾಪ್ ಗೇರಿಗೆ ಹಾಕದೆ, 2,000ದಿಂದ 2,500 ಆರ್‌ಪಿಎಂ ಇರುವಂತೆ ಇಪ್ಪತ್ತು–ಇಪ್ಪತ್ತೈದು ನಿಮಿಷ ಬಿಡದೆ ಓಡಿಸಿ. ಸುಡುತ್ತಿರುವಾಗ ಮೀಟರಿನಲ್ಲಿ ಮೈಲೇಜ್ ದಿಢೀರನೆ ಬೀಳುತ್ತದೆ, ಐಡ್ಲಿಂಗ್ 800ರಿಂದ 1,000ದ ಹತ್ತಿರ ಏರುತ್ತದೆ, ರೇಡಿಯೇಟರ್ ಫ್ಯಾನ್ ನಿಲ್ಲದೆ ತಿರುಗುತ್ತದೆ, ಕಾದ ಕಬ್ಬಿಣದ ವಾಸನೆ ಬರುತ್ತದೆ. ಆಗ ಮಾತ್ರ ಎಂಜಿನ್ ಆಫ್ ಮಾಡಬೇಡಿ. ಒಣಹುಲ್ಲಿನ ಮೇಲೆ ನಿಲ್ಲಿಸಲೂ ಬೇಡಿ, ಪೈಪು ಬೆಂಕಿಯಷ್ಟು ಸುಡುತ್ತಿರುತ್ತದೆ.

ದೀಪ ಮಿಣುಕುತ್ತಿದ್ದರೆ ಅಥವಾ ಜೊತೆಗೆ ಎಂಜಿನ್ ದೀಪವೂ ಹತ್ತಿದ್ದರೆ ಈ ಸಾಹಸ ಬೇಡ. ಸ್ಕ್ಯಾನರ್ ಇಟ್ಟು ಬಲವಂತವಾಗಿ ಸುಡಿಸಬೇಕು. ನೂರು–ನೂರೈವತ್ತು ಕಿ.ಮೀ.ಗೇ ಮತ್ತೆ ಹತ್ತಿದರೆ ಜರಡಿಯನ್ನು ದೂರಬೇಡಿ: ಸೋರುವ ಇಂಜೆಕ್ಟರ್ (ಡೀಸೆಲ್ ಸಿಂಪಡಿಸುವ ಮೂತಿ), ಮಸಿ ಕಟ್ಟಿದ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ಮರಳಿಸುವ ಕವಾಟ), ಒತ್ತಡ ಅಳೆಯುವ ಸೆನ್ಸರಿನ ಬಿರುಕುಬಿಟ್ಟ ರಬ್ಬರ್ ನಳಿಕೆ, ಈ ಮೂರನ್ನು ಮೊದಲು ನೋಡಿಸಿ. ನಳಿಕೆಯ ಬೆಲೆ ಕೆಲವು ನೂರು ರೂಪಾಯಿ. ಅದನ್ನು ನೋಡದೆ ಹೊಸ ಡಿಪಿಎಫ್ ಹಾಕಿಸಿದರೆ ಬಿಲ್ಲು ಲಕ್ಷದ ಮಾತಾಡುತ್ತದೆ. ಇಷ್ಟಾದರೂ ನಿಮ್ಮ ಓಡಾಟ ಆರು ಕಿ.ಮೀ.ಯೇ ಆಗಿದ್ದರೆ, ಈ ಕಾರನ್ನು ದೂರ ಓಡಾಡುವವರಿಗೆ ಮಾರಿ ಪೆಟ್ರೋಲ್ ಕೊಳ್ಳುವುದೇ ಸರಿ.

ಪ್ರಶ್ನೆ: ನಮ್ಮದು 2012ರ ಡೀಸೆಲ್ ಸ್ವಿಫ್ಟ್, 1.8 ಲಕ್ಷ ಕಿ.ಮೀ. ಓಡಿದೆ. ‘ಡೀಸೆಲ್ ಗಾಡಿಗೆ ಹತ್ತೇ ವರ್ಷ, ಬೇಗ ಮಾರಿಬಿಡು’ ಅಂತ ಮನೆಯಲ್ಲಿ ಗಲಾಟೆ. ಈಗ ತಿಂಗಳಿಗೆ 800 ಕಿ.ಮೀ. ಓಡಾಟ.
— ಓದುಗರು, ಪುತ್ತೂರು

ಉತ್ತರ: ಡೀಸೆಲ್‌ಗೆ ಹತ್ತು ವರ್ಷ ಎಂಬ ಕಟ್ಟಳೆ ದೆಹಲಿ ರಾಜಧಾನಿ ಪ್ರದೇಶದ್ದು. ನಮ್ಮಲ್ಲಿ ನೋಂದಣಿ ಹದಿನೈದು ವರ್ಷಕ್ಕೆ. ನಿಮ್ಮ ಆರ್‌ಸಿ 2027ರವರೆಗೆ ಇದೆ. ಆಮೇಲೆ ಫಿಟ್‌ನೆಸ್ ಮಾಡಿಸಿ, ಹಸಿರು ತೆರಿಗೆ ಕಟ್ಟಿ ಐದು ವರ್ಷಕ್ಕೆ ನವೀಕರಿಸಬಹುದು.

ನೀವು ಕೊಂಡ ಕಾಲ ಬೇರೆ. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ₹73 ದಾಟಿದಾಗ ಡೀಸೆಲ್ ₹41ರ ಆಸುಪಾಸಿನಲ್ಲಿತ್ತು. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ದರವನ್ನೂ ಸರ್ಕಾರ ಮಾರುಕಟ್ಟೆಗೆ ಬಿಟ್ಟಿತು, ಅಂತರ ಕರಗಿತು. ಆದರೂ ನಿಮ್ಮ ಗಾಡಿಯ ಬೆಲೆ ಎಂದೋ ಹುಟ್ಟಿದೆ, ಡಿಪಿಎಫ್‌ನ ಕಾಟವೂ ಇಲ್ಲ. 18 ಮೈಲೇಜ್ ಕೊಡುತ್ತಿದ್ದರೆ ಕಿ.ಮೀ.ಗೆ ₹5. ಹೊಸ ಪೆಟ್ರೋಲ್ ಕಾರು 15 ಕೊಟ್ಟರೆ ₹6.87. ಇಂಧನ ಉಳಿಸಲೆಂದು ಇದನ್ನು ಮಾರುವುದರಲ್ಲಿ ಅರ್ಥವಿಲ್ಲ.

ನೋಡಬೇಕಾದದ್ದು ಇಂಜೆಕ್ಟರ್. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ತುಂಬ ಹೊತ್ತು ಸೆಲ್ಫ್ ಹೊಡೆಯಬೇಕಾಗಿದ್ದರೆ ರಿಟರ್ನ್ ಪರೀಕ್ಷೆ ಮಾಡಿಸಿ. ನಾಲ್ಕೂ ಇಂಜೆಕ್ಟರಿನ ವಾಪಸು ಪೈಪು ಬಿಚ್ಚಿ, ಒಂದೇ ಅಳತೆಯ ನಾಲ್ಕು ಪಾರದರ್ಶಕ ಬಾಟಲಿಗೆ ಹಾಕಿ, ಕೆಲವು ನಿಮಿಷ ಐಡ್ಲಿಂಗ್‌ನಲ್ಲಿ ಬಿಡುತ್ತಾರೆ. ಯಾವ ಬಾಟಲಿ ಮಿಕ್ಕವಕ್ಕಿಂತ ಬೇಗ ತುಂಬುತ್ತದೋ ಆ ಇಂಜೆಕ್ಟರ್ ಸವೆದಿದೆ. ಅದೊಂದನ್ನೇ ರಿಪೇರಿ ಮಾಡಿಸಿದರೆ ಸಾಕು, ನಾಲ್ಕೂ ಬದಲಿಸಬೇಕೆಂದರೆ ಬಾಟಲಿ ತೋರಿಸಿ ಎನ್ನಿ. ನಿಮ್ಮ ಕಡೆ ಮಳೆಗಾಲ ಜೋರು; ಡೀಸೆಲ್ ಫಿಲ್ಟರಿನ ತಳದಲ್ಲಿ ನಿಲ್ಲುವ ನೀರನ್ನು ಪ್ರತಿ ಸರ್ವಿಸ್‌ನಲ್ಲೂ ಇಳಿಸುವಂತೆ ಹೇಳಿ. ಇಂಜೆಕ್ಟರ್ ಹಾಳಾಗುವುದಕ್ಕೆ ಆ ನೀರೇ ದೊಡ್ಡ ಕಾರಣ.

ಪ್ರಶ್ನೆ: ತಿಂಗಳಿಗೆ 3,000 ಕಿ.ಮೀ. ಓಡುತ್ತೇನೆ. ಸಣ್ಣ ಕಾರೇ ಸಾಕು, ಆದರೆ ಈಗ ಸಣ್ಣ ಡೀಸೆಲ್ ಕಾರು ಸಿಗುವುದೇ ಅಪರೂಪವಾಗಿದೆಯಲ್ಲ?
— ಓದುಗರು, ದಾವಣಗೆರೆ

ಉತ್ತರ: ಮಾರುತಿ 2020ರಲ್ಲೇ ಡೀಸೆಲ್ ಕೈಬಿಟ್ಟಿತು. ನಿಮಗೆ ಸಿಎನ್‌ಜಿ ಹೊಂದುತ್ತದೆ. ಕೆಜಿಗೆ ₹90, ಕೆಜಿಗೆ 24 ಕಿ.ಮೀ. ಎಂದರೆ ಕಿ.ಮೀ.ಗೆ ₹3.75; ಪೆಟ್ರೋಲ್‌ಗೆ ಮೇಲೆ ಹೇಳಿದಂತೆ ₹6.87. ಪೆಟ್ರೋಲ್‌ಗಿಂತ ₹95,000 ಹೆಚ್ಚು ಕೊಟ್ಟರೂ ಸುಮಾರು 30,000 ಕಿ.ಮೀ.ಗೆ, ಅಂದರೆ ಹತ್ತು ತಿಂಗಳಲ್ಲಿ ದುಡ್ಡು ವಾಪಸು. ಕಾರ್ಖಾನೆಯಿಂದಲೇ ಕಿಟ್ ಹಾಕಿ ಬಂದದ್ದನ್ನೇ ಕೊಳ್ಳಿ. ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಒತ್ತಡ ಪರೀಕ್ಷೆ ಕಡ್ಡಾಯ. ಡಿಕ್ಕಿ ಕಿರಿದಾಗುತ್ತದೆ, ಎಳೆತವೂ ತುಸು ಕಮ್ಮಿ. ನಿಮ್ಮ ದಾರಿಯಲ್ಲಿ ಸಿಎನ್‌ಜಿ ಬಂಕು ಎಲ್ಲೆಲ್ಲಿದೆ, ಸಾಲು ಎಷ್ಟುದ್ದ ಇರುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಒಮ್ಮೆ ಹೋಗಿ ನೋಡಿ.

ಪ್ರಶ್ನೆ: 2014ರ ಪೆಟ್ರೋಲ್ ಕಾರು. ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದಾಗಿನಿಂದ ಮೈಲೇಜ್ ಬಿದ್ದಿದೆ ಅನ್ನಿಸುತ್ತಿದೆ. ಭ್ರಮೆಯೇ?
— ಓದುಗರು, ಧಾರವಾಡ

ಉತ್ತರ: ಭ್ರಮೆಯಲ್ಲ. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗದಷ್ಟು ಕಮ್ಮಿ. ಶೇ 20 ಬೆರೆಸಿದರೆ ಲೀಟರಿಗೆ ಶೇ 6–7ರಷ್ಟು ಶಕ್ತಿ ಖೋತಾ. 15 ಕೊಡುತ್ತಿದ್ದ ಗಾಡಿ 14 ಕೊಟ್ಟರೆ ಅಚ್ಚರಿಯಿಲ್ಲ. ಅದಕ್ಕಿಂತ ಹೆಚ್ಚು ಬಿದ್ದಿದ್ದರೆ ಕಾರಣ ಬೇರೆ: ಟೈರಿನ ಗಾಳಿ, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಕಚ್ಚಿಕೊಂಡ ಬ್ರೇಕ್.

ಅಳೆಯುವಾಗ ಮೀಟರಿನ ಅಂಕಿ ನಂಬಬೇಡಿ. ಗನ್ ತಾನಾಗಿ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸಿ, ಅಲ್ಲಿಗೇ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಕನಿಷ್ಠ 300 ಕಿ.ಮೀ. ಓಡಿಸಿ ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಕಟ್ ಆಗುವವರೆಗೆ ತುಂಬಿಸಿ, ಓಡಿದ ಕಿ.ಮೀ.ಯನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಹಳೆಯ ಗಾಡಿಯಾದ್ದರಿಂದ ಮುಂದಿನ ಸರ್ವಿಸ್‌ನಲ್ಲಿ ಪೆಟ್ರೋಲ್ ಪೈಪಿನ ರಬ್ಬರ್ ಮತ್ತು ಸೀಲುಗಳನ್ನೂ ನೋಡಿಸಿ. ಬೆಳಿಗ್ಗೆ ಬಾನೆಟ್ ತೆರೆದಾಗ ಪೆಟ್ರೋಲ್ ವಾಸನೆ ಹೊಡೆದರೆ ಸರ್ವಿಸ್‌ವರೆಗೆ ಕಾಯಬೇಡಿ.