ಕ್ಯಾಂಪರ್ ವ್ಯಾನಿನ ಟಾಪ್ ಕಿತ್ತು ಬಂದರೆ

ಪ್ರಶ್ನೆ: ನಮ್ಮ ಕ್ಯಾಂಪರ್ ವ್ಯಾನಿಗೆ ಮೇಲೆತ್ತುವ ಫೈಬರ್ ಟಾಪ್ ಇದೆ. ಅದರ ಹಿಂದಿನ ಒಂದು ಹಿಂಜಿನ ಬೋಲ್ಟ್ ಕಿತ್ತು ಬಂದು ತೂತು ಅಗಲವಾಗಿದೆ. ಎಂ-ಸೀಲ್ ತುಂಬಿಸಿ ಮತ್ತೆ ಬಿಗಿದರೆ ಸಾಕೇ?
– ಓದುಗರು, ಕಟಪಾಡಿ

ಉತ್ತರ: ಸಾಲದು ಮಾರಾಯ್ರೇ. ಟಾಪ್ ಮುಚ್ಚಿದ್ದಾಗಲೂ ಗ್ಯಾಸ್ ಸ್ಟ್ರಟ್ (ಟಾಪ್ ಎತ್ತುವ, ಗ್ಯಾಸ್ ತುಂಬಿದ ದಂಡ) ಅದನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಆ ಒತ್ತಡಕ್ಕೆ ಎಂ-ಸೀಲ್ ಉಂಡೆ ಇಡಿಯಾಗಿ ಹೊರಗೆ ಬರುತ್ತದೆ.

ಮೊದಲು ತೂತಿನ ಸುತ್ತ ನಾಣ್ಯದಿಂದ ತಟ್ಟಿ ನೋಡಿ. ಟಣ್ ಎಂದರೆ ಸರಿ. ಮಂದವಾಗಿ ಡಬ್ ಎಂದರೆ ಅಲ್ಲಿ ಪದರ ಬಿಟ್ಟಿದೆ, ಒಳಗೆ ನೀರೂ ಸೇರಿರಬಹುದು. ಅಷ್ಟು ಭಾಗ ಕೆರೆದು ತೆಗೆದು, ಪೂರ್ತಿ ಒಣಗಿಸಲೇಬೇಕು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಆಮೇಲೆ ಟಾಪಿಗೆ ಮರದ ಆಸರೆ ಕೊಟ್ಟು ಸ್ಟ್ರಟ್ ಬಿಚ್ಚಿ. ಒಳಗಿನಿಂದ ಅಂಗೈ ಅಗಲ ಸ್ಯಾಂಡ್ ಪೇಪರ್ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, ನೇಯ್ದ ಗ್ಲಾಸ್ ಬಟ್ಟೆಯನ್ನು ಎಪಾಕ್ಸಿ ಅಂಟಿನಲ್ಲಿ ಪದರ ಪದರವಾಗಿ ಕೂರಿಸಿ. ಮಲ್ಪೆಯಲ್ಲಿ ದೋಣಿಗೆ ಫೈಬರ್ ಹಾಕುವವರಿಗೆ ಇದು ನಿತ್ಯದ ಕೆಲಸ. ಅವರು ಪಾಲಿಯೆಸ್ಟರ್ ರೆಸಿನ್ ಸಾಕು ಎನ್ನಬಹುದು. ಹಳೆ ಫೈಬರಿಗೆ ಎಪಾಕ್ಸಿಯೇ ಜಾಸ್ತಿ ಗಟ್ಟಿ ಹಿಡಿಯುತ್ತದೆ, ಅದನ್ನೇ ಕೇಳಿ ಹಾಕಿಸಿ.

ಗಟ್ಟಿಯಾದ ಮೇಲೆ ಹೊಸ ತೂತು ಕೊರೆದು, ಒಳಬದಿಗೆ ಸ್ಟೀಲ್ ಪ್ಲೇಟ್ ಕೊಟ್ಟು ಬಿಗಿಯಿರಿ. ಸುಮ್ನೆ ಸಣ್ಣ ವಾಷರ್ ಹಾಕಿದರೆ ಮತ್ತೆ ಅದೇ ಕಥೆ. ಸಮುದ್ರದ ಗಾಳಿ ಅಲ್ವಾ, ಬೋಲ್ಟ್, ಪ್ಲೇಟ್ ಎರಡೂ 316 ಗ್ರೇಡ್ ಸ್ಟೇನ್‌ಲೆಸ್ ಇರಲಿ. ನೀರು ಇಳಿಯದಂತೆ ಪಾಲಿಯುರೇಥೇನ್ ಸೀಲೆಂಟ್ ಹಚ್ಚಿ. ಸಿಲಿಕೋನ್ ಬೇಡ, ಅದರ ಜಿಡ್ಡು ಉಳಿದರೆ ಮುಂದೆ ಯಾವುದೂ ಅಂಟುವುದಿಲ್ಲ.

ಹಾಗೆಯೇ ಇನ್ನೊಂದು ಬದಿಯ ಹಿಂಜನ್ನೂ ಬಿಚ್ಚಿ ನೋಡಿ. ಇಷ್ಟು ದಿನ ಭಾರವೆಲ್ಲ ಹೊತ್ತದ್ದು ಅದೇ.