ಗೆದ್ದ ಸೇನಾಪತಿಯನ್ನು ಮನೆಗೆ ಕಳಿಸಿದ್ದೇಕೆ?

ಹಾಸನದ ಓದುಗರೊಬ್ಬರ ಪತ್ರ: "ಹೋದ ಸಂಚಿಕೆಯ ಫ್ರೆಂಚ್ ಕ್ರಾಂತಿಯ ಲೇಖನದಲ್ಲಿ, ಬಟ್ಟೆ ಅಂಗಡಿಯ ಜೂರ್ದಾನ್ ಸೇನಾಪತಿಯಾದ, ಯುದ್ಧ ಗೆದ್ದ ಮೇಲೆ ಅವನನ್ನು ಮನೆಗೆ ಕಳಿಸಿದರು ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಸೋತವನನ್ನು ಕಳಿಸುವುದು ಸರಿ, ಗೆದ್ದವನನ್ನು ಯಾಕೆ? ಅಂಗಡಿಯವನ ಕೈಗೆ ದಂಡು ಕೊಟ್ಟಿದ್ದಾದರೂ ಹೇಗೆ?"

ಸಂಪಾದಕರ ಉತ್ತರ:

ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ಗಜಕಡ್ಡಿ ಹಿಡಿದು ಕೂತಿದ್ದವನನ್ನು ಸುಮ್ನೆ ಎಬ್ಬಿಸಿ ತಂದು ಸೇನಾಪತಿ ಮಾಡಲಿಲ್ಲ. ಜಾಂ-ಬಾಪ್ತಿಸ್ತ್ ಜೂರ್ದಾನ್ 1762ರಲ್ಲಿ ಲಿಮೋಜ್‌ನಲ್ಲಿ ಹುಟ್ಟಿದವನು. ಹದಿನಾರಕ್ಕೇ ಸಿಪಾಯಿಯಾಗಿ ಸೇರಿ, ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಹೋಗಿ, 1779ರಲ್ಲಿ ಸವಾನಾ ಮುತ್ತಿಗೆಯ ಸೋಲನ್ನು ಕಂಡಿದ್ದ. ಕಾಯಿಲೆ ಬಿದ್ದು ಊರಿಗೆ ಮರಳಿದ ಮೇಲೆ ಬಟ್ಟೆ ವ್ಯಾಪಾರಕ್ಕೆ ಕೂತ. ಹಳೆಯ ರಾಜಸೈನ್ಯದಲ್ಲೇ ಉಳಿದಿದ್ದರೆ ಅವನಂಥವನಿಗೆ ದೊಡ್ಡ ಹುದ್ದೆ ಕನಸಿನ ಮಾತು. ಅವೆಲ್ಲ ಕುಲೀನ ಮನೆತನದವರಿಗೆ ಮೀಸಲು. ಕ್ರಾಂತಿ ಬಂದಾಗ ಆ ಅಧಿಕಾರಿಗಳಲ್ಲಿ ಬಹಳಷ್ಟು ಮಂದಿ ದೇಶ ಬಿಟ್ಟರು. ಹೊಸ ಸ್ವಯಂಸೇವಕ ದಳಗಳಲ್ಲಿ ಸೈನಿಕರೇ ವೋಟು ಹಾಕಿ ನಾಯಕರನ್ನು ಆರಿಸಿಕೊಳ್ಳುತ್ತಿದ್ದರು. 1791ರಲ್ಲಿ ಜೂರ್ದಾನ್ ಆಯ್ಕೆಯಾಗಿದ್ದು ಹಾಗೆ. ಎರಡೇ ವರ್ಷದಲ್ಲಿ ಉತ್ತರದ ದಂಡು ಅವನ ಕೈಯಲ್ಲಿತ್ತು.

ಆ ಕುರ್ಚಿ ಆಸೆಪಡುವಂಥದ್ದಾಗಿರಲಿಲ್ಲ ಬಿಡಿ. ಅದರಲ್ಲಿ ಕೂತಿದ್ದ ಕಸ್ಟೀನ್‌ನ ತಲೆ 1793ರ ಆಗಸ್ಟ್‌ನಲ್ಲಿ ತಲೆ ಕಡಿಯುವ ಯಂತ್ರಕ್ಕೆ, ಅಂದರೆ ಗಿಲೊಟಿನ್‌ಗೆ ಹೋಯಿತು. ಆಮೇಲೆ ಬಂದ ಹೂಶಾರ್ ಸೆಪ್ಟೆಂಬರ್‌ನಲ್ಲಿ ಹೊಂಡ್‌ಸ್ಕೋಟ್ ಯುದ್ಧ ಗೆದ್ದ. ಆದರೂ ನವೆಂಬರ್‌ನಲ್ಲಿ ಅವನ ತಲೆಯೂ ಉರುಳಿತು. ಸೋತ ಶತ್ರುವನ್ನು ಬೆನ್ನಟ್ಟಿ ಮುಗಿಸಲಿಲ್ಲ ಎಂಬ ಆರೋಪ! ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಪ್ಯಾರಿಸ್‌ನಲ್ಲಿ ಕೂತು ಕ್ರಾಂತಿ ಸರ್ಕಾರ ನಡೆಸುತ್ತಿದ್ದ ಸಾರ್ವಜನಿಕ ಸುರಕ್ಷಾ ಸಮಿತಿಗೆ ಗೆಲುವೊಂದೇ ಸಾಲುತ್ತಿರಲಿಲ್ಲ.

ಅದೇ 1793ರ ಅಕ್ಟೋಬರ್ 15 ಮತ್ತು 16ರಂದು ಜೂರ್ದಾನ್ ವಾಟಿನಿಯಲ್ಲಿ ಆಸ್ಟ್ರಿಯನ್ನರನ್ನು ಎದುರಿಸಿದ. ಸಮಿತಿಯ ಕಾರ್ನೋ ಸ್ವತಃ ಪಕ್ಕದಲ್ಲೇ ನಿಂತಿದ್ದ. ಮೊದಲ ದಿನ ನಟ್ಟನಡುವೆ ನುಗ್ಗಿದ ದಾಳಿ ಕೈಕೊಟ್ಟಿತು. ರಾತ್ರಿ ಬಲವನ್ನೆಲ್ಲ ಬಲಗಡೆಗೆ ಸರಿಸಿ ಮರುದಿನ ಹೊಡೆದರು. ಮೊಬೂಜ್ ಊರಿಗೆ ಶತ್ರು ಹಾಕಿದ್ದ ಮುತ್ತಿಗೆ ತೆರವಾಯಿತು. ರಾಣಿ ಮರಿ ಆಂಟೊನೆಟ್‌ಳ ತಲೆ ತೆಗೆದದ್ದೂ ಅದೇ 16ರಂದು. ಗೆಲುವಿನ ಕೀರ್ತಿ ಜಾಸ್ತಿ ಸಂದದ್ದು ಕಾರ್ನೋಗೆ. ವರದಿ ಬರೆಯುವವನು ಅವನೇ ಅಲ್ವಾ?

ಮುಂದೆ ನುಗ್ಗು ಎಂದು ಸಮಿತಿ ಹೇಳಿತು. ಚಳಿಗಾಲ ಬಂದಿದೆ, ಸೈನಿಕರಿಗೆ ಬೂಟಿಲ್ಲ, ಬಟ್ಟೆಯಿಲ್ಲ, ಆಗುವುದಿಲ್ಲ ಎಂದ ಜೂರ್ದಾನ್. ನನ್ನ ಮಟ್ಟಿಗೆ ಅವನ ಜೀವನದ ಅತಿ ಧೈರ್ಯದ ಕೆಲಸ ಇದು. ಹೂಶಾರ್‌ನ ಕಥೆ ಕಣ್ಣೆದುರೇ ಇತ್ತು. 1794ರ ಜನವರಿಯಲ್ಲಿ ಅವನನ್ನು ಕೆಳಗಿಳಿಸಿದರು. ತಲೆ ಉಳಿಯಿತು. ಲಿಮೋಜ್‌ನ ಅಂಗಡಿಗೆ ವಾಪಸ್.

ಅಂಗಡಿ ವಾಸ ಹೆಚ್ಚು ದಿನ ನಡೆಯಲಿಲ್ಲ. ವಸಂತದ ಹೊತ್ತಿಗೆ ಮೊಸೆಲ್ ದಂಡು ಕೊಟ್ಟು ಕರೆದರು. ಜೂನ್ 26ರ ಫ್ಲೂರಸ್ ಯುದ್ಧ ಅವನ ಅತಿ ದೊಡ್ಡ ಗೆಲುವು. ಶತ್ರುವಿನ ಚಲನವಲನ ನೋಡಲು ಫ್ರೆಂಚರು ಬಲೂನು ಹಾರಿಸಿದ್ದರು. ಎಲ್ಲರಿಗೂ ನೆನಪಿರುವುದು ಅದೇ. ನನಗೆ ಬೇರೊಂದು ಸಂಗತಿ ಸ್ವಾರಸ್ಯ ಅನಿಸುತ್ತದೆ. ಆಸ್ಟ್ರಿಯನ್ನರು ಬಂದದ್ದು ಶಾರ್ಲರುವಾ ಊರನ್ನು ಫ್ರೆಂಚರ ಮುತ್ತಿಗೆಯಿಂದ ಬಿಡಿಸಲು. ಅದು ಹಿಂದಿನ ದಿನವೇ ಶರಣಾಗಿತ್ತು. ಆ ಸುದ್ದಿ ತಿಳಿಯದೆ ಅವರು ದಾಳಿ ಶುರು ಮಾಡಿದ್ದರು! ಈ ಗೆಲುವಿನಿಂದ ಗಡಿಯ ಭಯ ಇಳಿಯಿತು. ಭಯವನ್ನೇ ನೆಪ ಮಾಡಿ ತಲೆ ತೆಗೆಯುತ್ತಿದ್ದವರ ನೆಪವೂ ಹೋಯಿತು. ಒಂದು ತಿಂಗಳ ಮೇಲೆ ಸಮಿತಿಯ ಮುಂದಾಳು ರೋಬೆಸ್ಪಿಯರ್‌ನೇ ಗಿಲೊಟಿನ್ ಹತ್ತಿದ.

ಆಮೇಲಿನದು ಏರಿಗಿಂತ ಇಳಿಜಾರೇ ಜಾಸ್ತಿ. 1796ರಲ್ಲಿ ಆಂಬರ್ಗ್, ವ್ಯೂರ್ಟ್ಸ್‌ಬುರ್ಗ್, 1799ರಲ್ಲಿ ಸ್ಟೊಕಾಖ್, ಮೂರರಲ್ಲೂ ಆಸ್ಟ್ರಿಯಾದ ಆರ್ಚ್‌ಡ್ಯೂಕ್ ಚಾರ್ಲ್ಸ್ ಸೋಲಿಸಿದ. ನಡುವೆ 1798ರಲ್ಲಿ ಶಾಸನಸಭೆಯಲ್ಲಿದ್ದಾಗ ಜೂರ್ದಾನ್ ತಂದ ಕಾಯ್ದೆ ಮಾತ್ರ ಅವನ ಎಲ್ಲ ಯುದ್ಧಗಳಿಗಿಂತ ದೂರ ಹೋಯಿತು. 20ರಿಂದ 25 ವರ್ಷದ ಗಂಡಸರಿಗೆ ಸೈನ್ಯ ಸೇವೆ ಕಡ್ಡಾಯ ಎಂದಿತು ಅದು. ನೆಪೋಲಿಯನ್‌ನ ದಂಡುಗಳಿಗೆ ವರ್ಷವರ್ಷವೂ ಜನ ಸಿಕ್ಕಿದ್ದು ಇದರಿಂದಲೇ. ಅದೇ ನೆಪೋಲಿಯನ್ 1799ರಲ್ಲಿ ಅಧಿಕಾರ ಕಿತ್ತುಕೊಂಡಾಗ ಜೂರ್ದಾನ್ ಒಪ್ಪಲಿಲ್ಲ. 1804ರಲ್ಲಿ ಮಾರ್ಷಲ್ ಪದವಿಯೇನೋ ಸಿಕ್ಕಿತು. ಆದರೆ ಕೊಟ್ಟ ಕೆಲಸ ಸ್ಪೇನ್‌ನಲ್ಲಿ, ಚಕ್ರವರ್ತಿಯ ಅಣ್ಣ ಜೋಸೆಫ್‌ನ ಜೊತೆ. 1813ರ ವಿಟೋರಿಯಾ ಸೋಲಿನಲ್ಲಿ ಅವನ ಮಾರ್ಷಲ್ ಪದವಿಯ ಗುರುತಿನ ಕೋಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಅವರ ಸೇನಾಪತಿ ವೆಲಿಂಗ್ಟನ್ ಅದನ್ನು ಲಂಡನ್ನಿಗೆ ಕಳಿಸಿಕೊಟ್ಟ.