ಕಡಿದಾದ ಚಾವಣಿಗೆ ಶಿಂಗಲ್ (ಮೇಲೆ ಹರಳು ಹಚ್ಚಿದ ಡಾಂಬರಿನ ಹೊದಿಕೆ ಹಾಳೆ) ಹಾಕುವಾಗ ಜಾರದೆ, ಬೇಗ ಕೆಲಸ ಸಾಗಿಸುವುದು ಹೇಗೆ?

12 ಅಡಿ ಅಡ್ಡಕ್ಕೆ 8 ಅಡಿ ಅಥವಾ ಅದಕ್ಕೂ ಹೆಚ್ಚು ಏರುವ ಚಾವಣಿಯಲ್ಲಿ ಕಾಲಿನ ಹಿಡಿತವನ್ನು ನಂಬಲೇಬೇಡಿ. ಮೊದಲು ಹಾರ್ನೆಸ್, ಅಂದರೆ ಮೈಗೆ ಕಟ್ಟಿ ಹಗ್ಗಕ್ಕೆ ಜೋಡಿಸುವ ಸುರಕ್ಷತಾ ಪಟ್ಟಿ. ಅದರ ಹಗ್ಗ ಕಟ್ಟುವ ಆಂಕರನ್ನು (ಚಾವಣಿಗೆ ಹೊಡೆಯುವ ಲೋಹದ ಕೊಂಡಿ) ಬರೀ ಪ್ಲೈವುಡ್ಡಿಗೆ ಹೊಡೆದರೆ ಭಾರ ಬಿದ್ದಾಗ ಕಿತ್ತು ಬರಬಹುದು. ನೆತ್ತಿಯ ಹತ್ತಿರ, ಕೆಳಗಿನ ರಾಫ್ಟರಿಗೇ (ಚಾವಣಿ ಹೊರುವ ಓರೆ ತೊಲೆ) ಮೊಳೆ ಕಚ್ಚುವಂತೆ ಕೂರಿಸಿ. ಮೇಲೇರಿದಂತೆಲ್ಲ ಹಗ್ಗದ ಸಡಿಲವನ್ನು ಎಳೆದುಕೊಳ್ಳುತ್ತಿರಿ; ಸಡಿಲ ಹೆಚ್ಚಿದಷ್ಟೂ ಬೀಳುವ ದೂರ ಹೆಚ್ಚು.

ಇನ್ನು ವೇಗದ ಮಾತು. ನನ್ನ ಪ್ರಕಾರ ಅದು ಬರುವುದು ರೂಫ್ ಜ್ಯಾಕ್ (ಹಲಗೆಯನ್ನು ಹೊರಲು ಚಾವಣಿಗೆ ಮೊಳೆ ಹೊಡೆದು ಕೂರಿಸುವ ಲೋಹದ ಆಧಾರ) ಮತ್ತು ಹಲಗೆಯಿಂದಲೇ. ನಿಲ್ಲಲು ಸಮನಾದ ಜಾಗ ಸಿಕ್ಕರೆ ಎರಡೂ ಕೈ ಕೆಲಸಕ್ಕೆ ಬಿಡುವಾಗುತ್ತವೆ. ಜ್ಯಾಕಿನ ಮೊಳೆಗಳೂ ರಾಫ್ಟರಿಗೇ ಹೋಗಬೇಕು, ಮುಂದಿನ ಸಾಲಿನ ಶಿಂಗಲ್ ಮುಚ್ಚುವ ಜಾಗದಲ್ಲಿರಬೇಕು. ಕೆಲಸ ಮುಗಿದ ಮೇಲೆ ಜ್ಯಾಕಿನ ತಳಕ್ಕೆ ಸುತ್ತಿಗೆಯಿಂದ ಮೇಲ್ಮುಖವಾಗಿ ತಟ್ಟಿ. ಜ್ಯಾಕಿನ ಲೋಹದ ಪಟ್ಟಿಯಲ್ಲಿರುವ ಓರೆ ಸೀಳು ಮೊಳೆತಲೆಯಿಂದ ಜಾರಿ ಕಳಚಿಕೊಳ್ಳುತ್ತದೆ. ಆಮೇಲೆ ಶಿಂಗಲಿನ ಅಂಚನ್ನು ಮೆಲ್ಲಗೆ ಎತ್ತಿ, ಉಳಿದ ಮೊಳೆಯನ್ನು ಪೂರ್ತಿ ಬಡಿದುಬಿಡಿ. ಇದನ್ನು ಮರೆತರೆ ಆ ತಲೆ ಮೇಲಿನ ಶಿಂಗಲನ್ನು ಕೆಳಗಿನಿಂದ ಚುಚ್ಚುತ್ತದೆ.

ಶಿಂಗಲ್ ಕಟ್ಟುಗಳನ್ನೆಲ್ಲ ಒಂದೇ ಕಡೆ ಪೇರಿಸಬೇಡಿ, ಬೇಕಾದಷ್ಟನ್ನೇ ಹಲಗೆಯ ಮೇಲಿಡಿ. ಇಂಥ ಇಳಿಜಾರಿನಲ್ಲಿ ಶಿಂಗಲಿಗೆ 4ರ ಬದಲು 6 ಮೊಳೆ ಹೊಡೆಯುವುದು ಒಳ್ಳೆಯದು. ತೀರಾ ಕಡಿದಾದರೆ ಅಂಟನ್ನೂ ಕೈಯಿಂದ ಹಚ್ಚಬೇಕಾಗುತ್ತದೆ.

ಬೆಳಗಿನ ಇಬ್ಬನಿ ಆರುವವರೆಗೆ ದಯವಿಟ್ಟು ಮೇಲೆ ಹತ್ತಬೇಡಿ. ಸುಡುಬಿಸಿಲೂ ಆಗದು: ಕಾದ ಶಿಂಗಲ್ ಮೆತ್ತಗಾಗಿ, ಬೂಟಿನಡಿ ಹರಳುಗಳು ಕಿತ್ತು ಬರುತ್ತವೆ, ಕಾಲೂ ಜಾರುತ್ತದೆ.